ಗೋಣಿಕೊಪ್ಪಲು ಸಂತೆಯಲ್ಲಿ ಕೊಡಗಿನ ಊಟದ ಪಂಚಾಂಗ

ಗೋಣಿಕೊಪ್ಪಲು: ವಾರಾಂತ್ಯಕ್ಕೆ ಬೆಂಗಳೂರು, ಮೈಸೂರುಗಳಿಂದ ಕೊಡಗಿನತ್ತ ಹೊರಡುವವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ಒಳ್ಳೆಯ ಪಂದಿ ಕರಿ, ಕಡಂಬುಟ್ಟು ಎಲ್ಲಿ ಸಿಗುತ್ತದೆ? ಉತ್ತರ ಹೇಳುವುದು ಕಷ್ಟವಲ್ಲ. ಮಡಿಕೇರಿಯಿಂದ ಕುಟ್ಟದವರೆಗೆ ರಸ್ತೆ ಬದಿಯ ಹೋಟೆಲುಗಳಲ್ಲಿ, ಹೋಂಸ್ಟೇಗಳಲ್ಲಿ ಈ ಜೋಡಿ ಇಂದು ವರ್ಷವಿಡೀ ದೊರೆಯುತ್ತದೆ. ಹಂದಿಮಾಂಸದ ಕಪ್ಪು ಸಾರು, ಅಕ್ಕಿ ತರಿಯ ಬಿಳಿ ಉಂಡೆ. ಇಷ್ಟಕ್ಕೆ ಕೊಡಗಿನ ಊಟ ಮುಗಿಯಿತೆಂದು ಭಾವಿಸಿ ಪ್ರವಾಸಿಗರು ತೃಪ್ತರಾಗಿ ಮರಳುತ್ತಾರೆ.

ಆದರೆ ಕೊಡಗಿನ ಮನೆಗಳಲ್ಲಿ ಅಡುಗೆ ವರ್ಷವಿಡೀ ಒಂದೇ ತೆರನಾಗಿ ನಡೆದುಬಂದಿಲ್ಲ. ಯಾವ ತಿಂಗಳಲ್ಲಿ ಒಲೆಯ ಮೇಲೆ ಏನು ಬೇಯಬೇಕು ಎಂಬುದನ್ನು ಮಳೆ, ಗದ್ದೆ ಮತ್ತು ಕಾಡು ನಿರ್ಧರಿಸುತ್ತಿದ್ದವು. ಜುಲೈನ ತಿನಿಸು ಡಿಸೆಂಬರಿನಲ್ಲಿ ಇರುತ್ತಿರಲಿಲ್ಲ. ಡಿಸೆಂಬರಿನ ತಿನಿಸನ್ನು ಏಪ್ರಿಲಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಊಟದ ಈ ಪಂಚಾಂಗವನ್ನು ಕಣ್ಣಾರೆ ಓದಬೇಕೆಂದಿದ್ದರೆ ದಕ್ಷಿಣ ಕೊಡಗಿನ ವಾಣಿಜ್ಯ ಕೇಂದ್ರವಾದ ಗೋಣಿಕೊಪ್ಪಲಿಗೆ ಒಂದು ಭಾನುವಾರ ಬರಬೇಕು. ಆ ದಿನ ಇಲ್ಲಿ ವಾರದ ಸಂತೆ.

ಕ್ಯಾಂಟನ್ನಿನ ಬೀದಿ, ಕೊಡಗಿನ ಮನೆ

ಊಟವನ್ನು ಹುಡುಕಿಕೊಂಡು ಹಳೆಯ ಪೇಟೆಗಳನ್ನು ಸುತ್ತುವುದು ಇಂದು ಜಗತ್ತಿನೆಲ್ಲೆಡೆ ಪ್ರವಾಸದ ಒಂದು ಬಗೆಯಾಗಿ ಬೆಳೆದಿದೆ. ಹಿಂದೆ ಕ್ಯಾಂಟನ್ ಎಂದು ಕರೆಸಿಕೊಳ್ಳುತ್ತಿದ್ದ ಚೀನಾದ ಗ್ವಾಂಗ್‌ಝೌ ನಗರದಲ್ಲಿ ಷೀಗ್ವಾನ್ ಎಂಬ ಹಳೆಯ ಬಡಾವಣೆಯಿದೆ. ಕಮಾನಿನ ಜಗಲಿಗಳಿರುವ ಅಲ್ಲಿನ ಬೀದಿಗಳಲ್ಲಿ ಬೆಳಗಿನ ಚಹಾದೊಂದಿಗೆ ಹಬೆಯಲ್ಲಿ ಬೆಂದ ಸಣ್ಣ ಸಣ್ಣ ತಿನಿಸುಗಳನ್ನು ಸವಿಯಲು, ಅಕ್ಕಿ ಹಿಟ್ಟಿನ ತೆಳು ಹಾಳೆಯನ್ನು ಹಬೆಯಲ್ಲಿ ಬೇಯಿಸಿ ಸುತ್ತಿದ ಸುರುಳಿಗಳನ್ನು ತಿನ್ನಲು ಜನ ಮುಗಿಬೀಳುತ್ತಾರೆ. ತೇವದ ಹವೆ ಮೈಗೆ ಹಿಡಿಯದಿರಲೆಂದು ಗಿಡಮೂಲಿಕೆಗಳ ಕಹಿ ಕಷಾಯವನ್ನು ಬಟ್ಟಲಿನಲ್ಲಿ ಮಾರುವ ಅಂಗಡಿಗಳೂ ಅಲ್ಲಿವೆ. 'ಇಪ್ಪತ್ನಾಲ್ಕು ರುಚಿ' ಎಂಬುದು ಅಂಥ ಒಂದು ಕಷಾಯದ ಹೆಸರು. ಈ ಕಷಾಯದ ಪರಂಪರೆಯನ್ನು ಚೀನಾ 2006ರಲ್ಲಿ ತನ್ನ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಕ್ಕಿ, ಹಬೆ, ಮಳೆಗಾಲದ ಮದ್ದು. ಈ ಮೂರೂ ಕೊಡಗಿನಲ್ಲಿವೆ. ಕಡಂಬುಟ್ಟು, ಪಾಪುಟ್ಟು, ನೂಲ್‌ಪುಟ್ಟು ಎಲ್ಲವೂ ಅಕ್ಕಿಯವೇ, ಹಬೆಯಲ್ಲಿ ಬೆಂದವೇ. ಅಲ್ಲಿ ಇಪ್ಪತ್ನಾಲ್ಕು ರುಚಿಯ ಕಷಾಯವಿದ್ದರೆ ಇಲ್ಲಿ ಹದಿನೆಂಟು ಔಷಧಿಗಳು ಸೇರಿವೆಯೆಂದು ನಂಬಲಾದ ಮದ್ದುಸೊಪ್ಪಿನ ಪಾಯಸವಿದೆ. ವ್ಯತ್ಯಾಸವಿರುವುದು ಒಂದೇ ಕಡೆ. ಷೀಗ್ವಾನಿನಲ್ಲಿ ಅಡುಗೆ ಬೀದಿಗೆ ಬಂದು ಕುಳಿತಿದೆ. ಕೊಡಗಿನಲ್ಲಿ ಅದು ಇನ್ನೂ ಮನೆಯೊಳಗಿದೆ. ಪೇಟೆಗೆ ಬರುವುದು ಅದರ ಸಾಮಗ್ರಿ ಮಾತ್ರ. ಆದ್ದರಿಂದ ಗೋಣಿಕೊಪ್ಪಲಿನಲ್ಲಿ ಹೋಟೆಲಿನ ಪಟ್ಟಿಗಿಂತ ಸಂತೆಯ ಗೋಣಿತಾಟು ಹೆಚ್ಚಿನ ಕಥೆ ಹೇಳುತ್ತದೆ.

ಭಾನುವಾರದ ಸಂತೆ

'ಕೊಪ್ಪಲು' ಎಂದರೆ ಸಣ್ಣ ಊರು. ಆಡುಮಾತಿನಲ್ಲಿ ಗೋಣಿಕೊಪ್ಪ ಎನ್ನುವುದೇ ರೂಢಿ. ಹುಣಸೂರು, ತಿತಿಮತಿ ಮಾರ್ಗವಾಗಿ ಮೈಸೂರಿನಿಂದ ಬರುವ ರಸ್ತೆ ಇಲ್ಲಿ ವಿರಾಜಪೇಟೆಯ ಕಡೆಗೂ, ಪೊನ್ನಂಪೇಟೆ-ಕುಟ್ಟದ ಕಡೆಗೂ ಕವಲೊಡೆಯುತ್ತದೆ. ಕುಟ್ಟ ದಾಟಿದರೆ ಕೇರಳದ ವಯನಾಡು. ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿದರೆ ಕಣ್ಣೂರು ಜಿಲ್ಲೆ. ಹೀಗಾಗಿ ಬಯಲುಸೀಮೆಯ ತರಕಾರಿ, ಮಲಬಾರಿನ ಮೀನು ಮತ್ತು ಕೊಡಗಿನ ತೋಟ-ಕಾಡುಗಳ ಉತ್ಪನ್ನ ಒಂದೇ ಸಂತೆಯಲ್ಲಿ ಎದುರಾಗುತ್ತವೆ.

ಕಾಫಿ ತೋಟಗಳಿಗೆ ಭಾನುವಾರ ರಜೆ. ವಾರದ ಕೂಲಿ ಕೈಯಲ್ಲಿ ಹಿಡಿದು ತೋಟದ ಲೈನುಮನೆಗಳಿಂದ ಬರುವ ಕಾರ್ಮಿಕರೇ ಸಂತೆಯ ದೊಡ್ಡ ಗಿರಾಕಿಗಳು. ಯರವರು, ಜೇನುಕುರುಬರು, ಬೆಟ್ಟಕುರುಬರು, ತಮಿಳು ಹಾಗೂ ಮಲಯಾಳ ಮೂಲದ ಕುಟುಂಬಗಳು, ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸಗಾರರು ಇಲ್ಲಿ ಒಟ್ಟಿಗೆ ಕಾಣಸಿಗುತ್ತಾರೆ. ಕೊಡವರು, ಅರೆಭಾಷೆ ಗೌಡರು, ಕೊಡವ ಮಾಪಿಳ್ಳೆಗಳು ಬೇಕಾದುದನ್ನು ಆರಿಸಿಕೊಂಡು ಹೋಗುತ್ತಾರೆ. ಒಂದೇ ಸಾಲಿನಲ್ಲಿ ಕೊಡವ ತಕ್ಕ್, ಮಲಯಾಳ, ಕನ್ನಡ, ತಮಿಳು ಕೇಳುತ್ತವೆ. ಚೌಕಾಸಿಗೆ ಮಾತ್ರ ಭಾಷಾಭೇದವಿಲ್ಲ.

ಸಂತೆಯಲ್ಲಿ ವರ್ಷವಿಡೀ ಇರುವ ಸಾಮಾನುಗಳೂ ಇವೆ. ಸೂಜಿಮೆಣಸು ಅಥವಾ ಜೀರಿಗೆ ಮೆಣಸು ಎಂದು ಕರೆಯುವ ಚಿಕ್ಕ ಖಾರದ ಕಾಯಿ, ಕರಿಮೆಣಸು, ಏಲಕ್ಕಿ, ಒಣಮೀನು, ಅಕ್ಕಿ ತರಿ ಇವುಗಳಲ್ಲಿ ಮುಖ್ಯವಾದವು. ನೋಡಬೇಕಾದುದು ಇವುಗಳ ನಡುವೆ ಕೆಲವೇ ವಾರ ಬಂದು ಮಾಯವಾಗುವ ಬುಟ್ಟಿಗಳನ್ನು. ಬೇಸಿಗೆಯ ಕೊನೆಯಲ್ಲಿ ಚಿಕ್ಕ ಗಾತ್ರದ ಕಾಡುಮಾವಿನ ಹಣ್ಣು ಬರುತ್ತದೆ. ಬೆಲ್ಲ, ಖಾರ ಸೇರಿಸಿ ಇಡೀ ಹಣ್ಣನ್ನೇ ಬೇಯಿಸಿದರೆ ಕಾಡ್‌ಮಾಂಗೆ ಕರಿ. ಅದೇ ಹೊತ್ತಿಗೆ ಹಲಸು ಮುಗಿದು ಅದರ ಬೀಜ 'ಚಕ್ಕೆ ಕುರು' ಆಗಿ ಮಳೆಗಾಲಕ್ಕೆಂದು ಅಡುಗೆಮನೆ ಸೇರುತ್ತದೆ. ಮೊದಲ ಮಳೆ ಬಿದ್ದೊಡನೆ ತೊರೆಯಂಚಿನ ಜರೀಗಿಡದ ಸುರುಳಿ ಚಿಗುರು, ಅಂದರೆ ತೆರ್ಮೆ ತೊಪ್ಪು ಕಟ್ಟುಗಳಾಗಿ ಬರುತ್ತದೆ. ಗುಡುಗು ಮಳೆಯ ಬಳಿಕ ಗೆದ್ದಲ ಹುತ್ತದ ಮೇಲೆ ಏಳುವ ಅಣಬೆ, ಕೊಡವರ ಮಾತಿನಲ್ಲಿ 'ಕುಮ್ಮು', ಬೆಳಗ್ಗೆ ಬಂದು ಮಧ್ಯಾಹ್ನದೊಳಗೆ ಖಾಲಿಯಾಗುತ್ತದೆ. ಇದನ್ನು ಬೆಳೆಯುವವರಿಲ್ಲ, ಆಯುವವರಷ್ಟೇ ಇದ್ದಾರೆ. ಆಯುವವರಲ್ಲಿ ಹೆಚ್ಚಿನವರು ಆದಿವಾಸಿಗಳು. ಕೊಡಗಿನ ಮಳೆಗಾಲದ ಊಟದ ಬಹುಪಾಲು ಅವರ ಕಾಡಿನ ತಿಳಿವಳಿಕೆಯ ಮೇಲೆ ನಿಂತಿದೆ ಎಂಬುದನ್ನು ಮರೆಯುವಂತಿಲ್ಲ.

ಕಕ್ಕಡದ ಹದಿನೆಂಟನೆಯ ದಿನ

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳನ್ನು ಕೊಡವರು ಕಕ್ಕಡ ಎನ್ನುತ್ತಾರೆ. ಅರೆಭಾಷೆಯವರಿಗೆ ಅದು ಆಟಿ. ಮಳೆಯ ಅಬ್ಬರ ಹೆಚ್ಚು, ಗದ್ದೆಯಲ್ಲಿ ನಾಟಿಯ ಕೆಲಸ, ಶುಭಕಾರ್ಯಗಳಿಗೆ ಬಿಡುವು. ಈ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರಂದು, 'ಕಕ್ಕಡ ಪದಿನೆಟ್ಟ್' ಆಚರಣೆ. ಕಾಡಂಚಿನಲ್ಲಿ, ತೋಟದ ಬೇಲಿಯಲ್ಲಿ ಬೆಳೆಯುವ ಮದ್ದುಸೊಪ್ಪಿಗೆ ಅಂದು ಹದಿನೆಂಟು ಬಗೆಯ ಔಷಧೀಯ ಗುಣ ಕೂಡಿಬರುತ್ತದೆ ಎಂಬುದು ನಂಬಿಕೆ. ಸಸ್ಯಶಾಸ್ತ್ರದಲ್ಲಿ ಜಸ್ಟೀಸಿಯಾ ವಯನಾಡೆನ್ಸಿಸ್ ಎಂಬ ಹೆಸರಿನ ಈ ಗಿಡದ ಎಲೆ-ಕಾಂಡಗಳನ್ನು ಕುದಿಸಿದರೆ ನೀರು ಕಡುನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಕಾಯಿ ಸೇರಿಸಿದರೆ ಮದ್ದು ಪಾಯಸ. ತರಿಯನ್ನು ಬೇಯಿಸಿದರೆ ಮದ್ದುಪುಟ್ಟು. ಮರುದಿನ ಮೂತ್ರವೂ ಕೆಂಪಾಗುವುದುಂಟು. ಮೊದಲ ಬಾರಿ ತಿಂದವರು ಗಾಬರಿಯಾಗಬೇಕಿಲ್ಲ, ಅದು ಸೊಪ್ಪಿನ ಬಣ್ಣ.

ಆಗಸ್ಟ್ ಆರಂಭದ ಸಂತೆಯಲ್ಲಿ ಮದ್ದುಸೊಪ್ಪಿನ ಕಟ್ಟುಗಳು ಕಾಣಿಸಿಕೊಳ್ಳುತ್ತವೆ. ಹಿತ್ತಲಿನ ಬೇಲಿಯಿಂದ ಕಿತ್ತು ತರುತ್ತಿದ್ದ ಸೊಪ್ಪಿಗೆ ಬೆಲೆ ಬಂದಿದೆ. ಕೊಳ್ಳುವವರಲ್ಲಿ ಪಟ್ಟಣದವರು, ಬೆಂಗಳೂರಿನ ಮಕ್ಕಳಿಗೆ ಕಳುಹಿಸುವವರು ಹೆಚ್ಚು.

ಕಣಿಲೆ ಮತ್ತು ಕಾನೂನು

ಕಕ್ಕಡದ ಇನ್ನೊಂದು ರುಚಿ ಬೈಂಬಳೆ, ಎಂದರೆ ಎಳೆಯ ಬಿದಿರಿನ ಕಣಿಲೆ. ಇದನ್ನು ತಂದ ದಿನವೇ ಬೇಯಿಸುವಂತಿಲ್ಲ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ. ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ನೀರನ್ನು ಬದಲಿಸುತ್ತಾ ಬಂದು, ಚೆನ್ನಾಗಿ ಕುದಿಸಿ ಆ ನೀರನ್ನೂ ಚೆಲ್ಲಿದರೆ ವಿಷವೂ ಕಹಿಯೂ ಹೋಗುತ್ತವೆ. ಪ್ರಯೋಗಾಲಯಗಳು ಹುಟ್ಟುವ ಎಷ್ಟೋ ಮುಂಚೆ ಅಡುಗೆಮನೆಯಲ್ಲಿ ರೂಪುಗೊಂಡ ಶಿಸ್ತು ಇದು. ಉಪ್ಪಿನಲ್ಲಿ ಹಾಕಿಟ್ಟರೆ ಮಳೆಗಾಲ ಮುಗಿದ ಮೇಲೂ ಉಳಿಯುತ್ತದೆ.

ಬೈಂಬಳೆ ಈಗ ಹಿಂದಿನಂತೆ ಧಾರಾಳವಾಗಿಲ್ಲ. ಬಿದಿರು ಹಲವು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು ಒಟ್ಟಾಗಿ ಸಾಯುವ ಸಸ್ಯ. 2010ರ ದಶಕದಲ್ಲಿ ನಾಗರಹೊಳೆ-ವಯನಾಡಿನ ಕಾಡುಗಳಲ್ಲಿ ಬಿದಿರಿನ ಮೆಳೆಗಳು ಹೀಗೆ ಒಣಗಿದವು. ಹೊಸ ಮೆಳೆ ಬಲಿಯಲು ವರ್ಷಗಳು ಬೇಕು. ಆನೆಗೂ ಅದೇ ಮೇವು. ರಾಷ್ಟ್ರೀಯ ಉದ್ಯಾನದೊಳಗಿನಿಂದ ಕಣಿಲೆ ತರುವುದು ಅಪರಾಧ. ಇನ್ನೊಂದೆಡೆ 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಪರಿಗಣಿಸಿ, ಅದನ್ನು ಸಂಗ್ರಹಿಸುವ ಹಕ್ಕನ್ನು ಅರಣ್ಯವಾಸಿಗಳಿಗೆ ಮಾನ್ಯ ಮಾಡುತ್ತದೆ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ ಅರಣ್ಯದ ಹೊರಗೆ ಬೆಳೆದ ಬಿದಿರು 'ಮರ' ಎಂಬ ವ್ಯಾಖ್ಯೆಯಿಂದ ಹೊರಬಂದಿತು. ತೋಟದ ಅಂಚಿನಲ್ಲಿ, ಹೊಳೆ ಬದಿಯಲ್ಲಿ ಬಿದಿರು ಬೆಳೆಸಿದ ರೈತನಿಗೆ ಇದರಿಂದ ಅನುಕೂಲವಾಗಿದೆ. ಸಂತೆಯಲ್ಲಿ ಕಣಿಲೆ ಉಳಿಯಬೇಕಾದರೆ ದಾರಿ ಬಹುಶಃ ಅದೇ.

ಕಾಚಂಪುಳಿ: ಮಳೆಯಲ್ಲಿ ಇಳಿಯುವ ಕಪ್ಪು ಹುಳಿ

ಪಂದಿ ಕರಿಯ ಬಣ್ಣಕ್ಕೆ ಎರಡು ಕಾರಣ. ಮೊದಲನೆಯದು ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಮೆಂತ್ಯಗಳನ್ನು ಹೆಚ್ಚುಕಡಿಮೆ ಕಪ್ಪಾಗುವವರೆಗೆ ಹುರಿದು ಮಾಡುವ ಪುಡಿ. ಎರಡನೆಯದು ಕಾಚಂಪುಳಿ. ಪಣಪುಳಿ ಎಂಬ ಮರದ ಹಣ್ಣಿನಿಂದ ಇದನ್ನು ತಯಾರಿಸುತ್ತಾರೆ. ಮಲೆನಾಡಿನ ಉಪ್ಪಾಗೆ, ಕೇರಳದ ಕುಡಂಪುಳಿ ಎಲ್ಲವೂ ಇದೇ ಜಾತಿ, ಗಾರ್ಸಿನಿಯಾ ಗುಮ್ಮಿಗುಟ್ಟ. ಕೇರಳದವರು ಹಣ್ಣಿನ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮೀನಿನ ಸಾರಿಗೆ ಹಾಕುತ್ತಾರೆ. ಉತ್ತರ ಕನ್ನಡದಲ್ಲಿ ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನವರು ಮಾತ್ರ ರಸವನ್ನು ಹಿಡಿದಿಟ್ಟರು.

ಮಾಡುವ ಕ್ರಮಕ್ಕೆ ತಾಳ್ಮೆ ಬೇಕು. ಮಳೆಗಾಲದಲ್ಲಿ ಹಣ್ಣಾಗಿ ಉದುರಿದ ಕಾಯಿಗಳನ್ನು ಆಯ್ದು ಬಿದಿರಿನ ಬುಟ್ಟಿಯಲ್ಲಿ ಒಟ್ಟಿ, ಕೆಳಗೆ ಪಾತ್ರೆಯಿಡುತ್ತಾರೆ. ಹಣ್ಣು ಕೊಳೆಯುತ್ತಾ ಬಂದಂತೆ ರಸ ತೊಟ್ಟಿಕ್ಕುತ್ತದೆ. ಅದನ್ನು ಸೋಸಿ, ಗಂಟೆಗಟ್ಟಲೆ ಕುದಿಸಿ, ಕಾಕಂಬಿಯಂತೆ ಮಂದವಾಗುವವರೆಗೆ ಇಳಿಸುತ್ತಾರೆ. ಒಂದು ದೊಡ್ಡ ಬುಟ್ಟಿಯ ಹಣ್ಣಿಗೆ ದೊರೆಯುವುದು ಅತ್ಯಲ್ಪ. ಆದರೆ ಒಂದು ಚಮಚ ಒಂದು ಪಾತ್ರೆ ಕರಿಗೆ ಸಾಕು. ಸೀಸೆಯಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಕೆಡದು.

1990ರ ದಶಕದಲ್ಲಿ ಈ ಹಣ್ಣಿನ ಸಿಪ್ಪೆಯಲ್ಲಿರುವ ಆಮ್ಲವು ಮೈತೂಕ ಇಳಿಸುತ್ತದೆಂಬ ಪ್ರಚಾರ ಪಶ್ಚಿಮ ದೇಶಗಳಲ್ಲಿ ಹಬ್ಬಿ, ಪಶ್ಚಿಮ ಘಟ್ಟದಲ್ಲೆಲ್ಲ ಹಣ್ಣಿಗೆ ಬೇಡಿಕೆ ಏರಿತು. ಅಡುಗೆಯ ಸಾಮಗ್ರಿ ರಫ್ತಿನ ಸರಕಾಯಿತು. ಮರಗಳೋ ಹೆಚ್ಚಲಿಲ್ಲ. ಬೀಜದಿಂದ ಹುಟ್ಟಿದ ಮರ ಫಲ ಕೊಡಲು ಹತ್ತು-ಹನ್ನೆರಡು ವರ್ಷ ಬೇಕು. ಅಷ್ಟು ಕಾದ ಮೇಲೂ ಅದು ಗಂಡು ಮರವೆಂದು ತಿಳಿಯಬಹುದು. ಕಾಫಿ ತೋಟದ ನೆರಳಿಗೆಂದು ಬೆಳೆಸಿದ್ದ ಇಂಥ ನಾಡಮರಗಳ ಜಾಗದಲ್ಲಿ ಬೇಗ ಬೆಳೆಯುವ, ಕಡಿದು ಮಾರಲು ಕಾನೂನಿನ ತೊಡಕು ಕಡಿಮೆಯಿರುವ ಸಿಲ್ವರ್ ಓಕ್ ಬಂದು ನಿಂತಿದೆ. ಕಾಡುಮಾವಿನ ಮರಕ್ಕೂ ಇದೇ ಗತಿ. ಪೇಟೆಯ ಕೆಲವು ಅಡುಗೆಗಳಲ್ಲಿ ಈಗ ವಿನೆಗರ್, ಹುಣಸೆಹಣ್ಣು ಕಾಚಂಪುಳಿಯ ಕೆಲಸ ಮಾಡುತ್ತಿವೆ. ಕೊಳ್ಳುವವರು ಸೀಸೆಯನ್ನು ಓರೆ ಮಾಡಿ ನೋಡುವುದು ಒಳ್ಳೆಯದು. ಅಸಲಿ ಕಾಚಂಪುಳಿ ನೀರಿನಂತೆ ಹರಿಯುವುದಿಲ್ಲ.

ಗದ್ದೆಯಿದ್ದರೆ ಪುತ್ತರಿ

ನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ರ ಆಸುಪಾಸಿನಲ್ಲಿ ಕೈಲ್‌ಪೊಳ್ದ್. ನೇಗಿಲು ತೊಳೆದಿಟ್ಟು, ಕೋವಿ-ಕತ್ತಿಗಳಿಗೆ ತೋಕ್‌ಪೂ ಎಂಬ ಕೆಂಪು-ಹಳದಿ ಹೂ ಮುಡಿಸಿ ಪೂಜಿಸುವ ಹಬ್ಬ. ಪಂದಿ ಕರಿ ಹಾಗೂ ಕಡಂಬುಟ್ಟಿಗೆ ಪಂಚಾಂಗದಲ್ಲಿ ನಿಗದಿಯಾದ ಜಾಗ ಇದೇ. ದುಡಿದು ದಣಿದ ಮೈಗೆ ಕೊಬ್ಬಿನ ಊಟ. ಬೇಟೆಗೆ ಹೊರಡುವ ಮುನ್ನಿನ ಸಂಭ್ರಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ನಿಂತಿತು, ಸಾಕುಹಂದಿ ಉಳಿಯಿತು. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವ. ಆ ದಿನ ಮಾಂಸವಿಲ್ಲ. ದೋಸೆ ಮತ್ತು ಕುಂಬಳಕಾಯಿ ಕರಿ. ನವೆಂಬರ್ ಕೊನೆ ಅಥವಾ ಡಿಸೆಂಬರಿನ ಹುಣ್ಣಿಮೆಯ ಹೊತ್ತಿಗೆ ಪುತ್ತರಿ, ಕನ್ನಡದಲ್ಲಿ ಹುತ್ತರಿ. ರಾತ್ರಿ ಗದ್ದೆಗೆ ಹೋಗಿ ಹೊಸ ಕದಿರು ಕೊಯ್ದು ತಂದು, ಹೊಸ ಅಕ್ಕಿಯ ಪಾಯಸ, ಬಾಳೆಹಣ್ಣಿನಲ್ಲಿ ಕಲಸಿದ ಹುರಿಯಕ್ಕಿ ಹಿಟ್ಟಿನ ತಂಬಿಟ್ಟು, ಪುತ್ತರಿ ಗೆಣಸು ಉಣ್ಣುವ ಹಬ್ಬ.

ಈ ಹಬ್ಬಗಳೆಲ್ಲ ಭತ್ತದ ಗದ್ದೆಯ ಸುತ್ತ ಹೆಣೆದವು. ನಾಟಿ ಮುಗಿದುದಕ್ಕೆ ಒಂದು, ಕೊಯ್ಲಿಗೆ ಒಂದು. ಅಡುಗೆಯ ಆಧಾರವೂ ಗದ್ದೆಯೇ. ಕಡಂಬುಟ್ಟಿನ ತರಿ, ಒಟ್ಟಿಯ ಹಿಟ್ಟು ಅಲ್ಲಿಂದಲೇ. ಮಳೆಗಾಲದ ಏಡಿ, ಸಣ್ಣ ಮೀನು, ಬದುವಿನ ಕೆಸುವಿನ ಸೊಪ್ಪು ಕೂಡ ಅಲ್ಲಿಂದಲೇ. ಹಳೆಯ ಜಮ್ಮಾ ಹಿಡುವಳಿಯಲ್ಲಿ ಗದ್ದೆಯ ಜೊತೆಗೆ ಸೌದೆ, ಸೊಪ್ಪು, ಮೇವಿಗೆಂದು ಬಾಣೆ ಜಮೀನು ಅಂಟಿಕೊಂಡಿರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಕಾಫಿ ಹಬ್ಬಿದಂತೆ ಬಾಣೆ ತೋಟವಾಯಿತು. ಈಗ ಸರದಿ ಗದ್ದೆಯದು.

ಗೋಣಿಕೊಪ್ಪಲಿನ ಸುತ್ತ ಯಾವ ರಸ್ತೆಯಲ್ಲಿ ಹೋದರೂ ಪಾಳುಬಿದ್ದ ಗದ್ದೆಗಳು ಕಾಣುತ್ತವೆ. ಕಾರಣಗಳು ಗುಟ್ಟಿನವಲ್ಲ. ನಾಟಿಗೆ ಆಳು ಸಿಗುವುದಿಲ್ಲ. ಸಿಕ್ಕರೂ ಭತ್ತದ ಬೆಲೆಯಲ್ಲಿ ಕೂಲಿ ಹುಟ್ಟುವುದಿಲ್ಲ. ತೆನೆ ಬಲಿಯುವ ಹೊತ್ತಿಗೆ ಆನೆ, ಕಾಡುಹಂದಿಗಳು ಬರುತ್ತವೆ. ಶುಂಠಿಗೆ ಗುತ್ತಿಗೆ ಕೊಟ್ಟರೆ ಕೈಗೆ ಕಾಸು ಸಿಗುತ್ತದೆ. ಅಡಿಕೆ, ಕಾಫಿ ನೆಟ್ಟರೆ ಚಿಂತೆ ಕಡಿಮೆ. ರೈತನ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಗದ್ದೆ ಎಂದರೆ ತಿಂಗಳುಗಟ್ಟಲೆ ಮಳೆನೀರನ್ನು ನಿಲ್ಲಿಸಿ ಇಂಗಿಸುವ ಕೆರೆಯೂ ಹೌದು. ಅದು ಮುಚ್ಚಿದರೆ ತೊರೆ ಬತ್ತುವ ಚಿಂತೆ ಕೊಡಗಿನದು ಮಾತ್ರವಲ್ಲ, ಕಾವೇರಿ ನೀರು ಕುಡಿಯುವ ಬೆಂಗಳೂರಿನದೂ ಹೌದು.

ಸ್ವಂತ ಗದ್ದೆಯಿಲ್ಲದ ಕುಟುಂಬಗಳು ಈಗ ನೆಂಟರ ಗದ್ದೆಯಲ್ಲಿ, ದೇವಸ್ಥಾನದ ಗದ್ದೆಯಲ್ಲಿ ಕದಿರು ತೆಗೆಯುತ್ತವೆ. ಪಟ್ಟಣಗಳ ಕೊಡವ ಸಮಾಜಗಳಲ್ಲಿ ಸಾಮೂಹಿಕ ಪುತ್ತರಿ ನಡೆಯುತ್ತದೆ. ಹಬ್ಬ ಉಳಿದಿದೆ, ಅದು ಸಮಾಧಾನದ ಸಂಗತಿ. ಆದರೆ ಅಂಗಡಿಯ ಪೊಟ್ಟಣದ ಅಕ್ಕಿಯಲ್ಲಿ ಹೊಸ ಅಕ್ಕಿಯ ಹಬ್ಬ ಎಷ್ಟು ಕಾಲ ನಡೆದೀತು ಎಂಬ ಪ್ರಶ್ನೆ ಉತ್ತರವಿಲ್ಲದೆ ನಿಂತಿದೆ.

ಪೇಟೆಯ ಸುತ್ತ

ಮೈಸೂರು ಕಡೆಯಿಂದ ಬರುವಾಗ ನಾಗರಹೊಳೆ ಕಾಡಿನ ನಡುವೆ ಮತ್ತಿಗೋಡು ಆನೆ ಶಿಬಿರ ಸಿಗುತ್ತದೆ. 2020ರಲ್ಲಿ ಮೊದಲ ಬಾರಿಗೆ ಮೈಸೂರು ದಸರೆಯ ಅಂಬಾರಿ ಹೊತ್ತ ಅಭಿಮನ್ಯು ಇಲ್ಲಿನವನು. ತಿತಿಮತಿ ಬಳಿಯ ದೇವರಪುರದಲ್ಲಿ ಮೇ ತಿಂಗಳ ನಾಲ್ಕನೆಯ ಗುರುವಾರ ಆದಿವಾಸಿಗಳ ಕುಂಡೆ ಹಬ್ಬ. ಬೇಟೆಗೆಂದು ಕರೆತಂದು ಭದ್ರಕಾಳಿಯ ಬೆನ್ನು ಹತ್ತಿ ತಮ್ಮನ್ನು ಕಾಡಿನಲ್ಲೇ ಬಿಟ್ಟುಹೋದ ಅಯ್ಯಪ್ಪ ದೇವರನ್ನು ಬೈಯುವ ಹಬ್ಬವಿದು. ಹೆಣ್ಣುವೇಷ ತೊಟ್ಟ ಗಂಡಸರು ಡಬ್ಬ ಬಡಿಯುತ್ತಾ ಗೋಣಿಕೊಪ್ಪಲಿನ ಬೀದಿಗಳಲ್ಲೂ ಬೈಯುತ್ತಾ ಕಾಸು ಕೇಳುತ್ತಾರೆ, ಬಳಿಕ ದೇವರ ಮುಂದೆ ತಪ್ಪೊಪ್ಪಿಕೊಳ್ಳುತ್ತಾರೆ. ಅಂದು ಬೈಗುಳಕ್ಕೆ ಯಾರೂ ಕೋಪಿಸಿಕೊಳ್ಳುವಂತಿಲ್ಲ.

ಸಮೀಪದಲ್ಲಿ ಕುಂದ ಬೆಟ್ಟ, ಪೊನ್ನಂಪೇಟೆಯಲ್ಲಿ 1927ರಲ್ಲಿ ಸ್ಥಾಪನೆಯಾದ ರಾಮಕೃಷ್ಣ ಶಾರದಾಶ್ರಮ, ಕುಟ್ಟದ ಕಡೆಗೆ ಲಕ್ಷ್ಮಣತೀರ್ಥ ನದಿಯ ಇರ್ಪು ಜಲಪಾತ ಇವೆ. ನವರಾತ್ರಿಯಲ್ಲಿ ಗೋಣಿಕೊಪ್ಪಲಿಗೆ ತನ್ನದೇ ದಸರಾ ಜನೋತ್ಸವವಿದ್ದು, ವಿಜಯದಶಮಿಯ ರಾತ್ರಿ ಮಂಟಪಗಳ ಶೋಭಾಯಾತ್ರೆ ನಡೆಯುತ್ತದೆ.

ಯಾವಾಗ ಬಂದರೆ ಏನು?

ಏಪ್ರಿಲ್-ಮೇ: ಕಾಡುಮಾವು, ಹಲಸು, ಮೇ ಕೊನೆಯ ವಾರಗಳಲ್ಲಿ ಕುಂಡೆ ಹಬ್ಬ.

ಜೂನ್-ಜುಲೈ: ತೆರ್ಮೆ ತೊಪ್ಪು, ಅಣಬೆ, ಕಣಿಲೆ, ಮನೆಗಳಲ್ಲಿ ಕಾಚಂಪುಳಿ ಕಾಯಿಸುವ ಕಾಲ.

ಆಗಸ್ಟ್: 3ರಂದು ಮದ್ದು ಪಾಯಸ. ಭಾರೀ ಮಳೆ, ಭೂಕುಸಿತಗಳ ತಿಂಗಳೂ ಇದೇ. 2018 ಮತ್ತು 2019ರ ಅನುಭವವಿರುವುದರಿಂದ ಹವಾಮಾನ ಮುನ್ಸೂಚನೆ ನೋಡಿ ಹೊರಡುವುದು ಕ್ಷೇಮ.

ಸೆಪ್ಟೆಂಬರ್-ಅಕ್ಟೋಬರ್: ಕೈಲ್‌ಪೊಳ್ದ್, ದಸರಾ, ತುಲಾ ಸಂಕ್ರಮಣ.

ನವೆಂಬರ್-ಡಿಸೆಂಬರ್: ಪುತ್ತರಿ.

ತಲುಪುವುದು ಹೇಗೆ?

ಕೊಡಗಿಗೆ ರೈಲು ಸಂಪರ್ಕವಿಲ್ಲ. ಮೈಸೂರಿನಿಂದ ಹುಣಸೂರು, ತಿತಿಮತಿ ಮಾರ್ಗವಾಗಿ ಸುಮಾರು 90 ಕಿ.ಮೀ. ಬಸ್ಸುಗಳಿವೆ. ಕಾಡಿನ ನಡುವೆ ಸಾಗುವ ರಸ್ತೆಯಾದ್ದರಿಂದ ಸ್ವಂತ ವಾಹನದವರು ಹಗಲಿನಲ್ಲೇ ಬರುವುದು ಉತ್ತಮ. ಸಂತೆ ನೋಡುವವರು ಭಾನುವಾರ ಬೆಳಗ್ಗೆಯೇ ಪೇಟೆ ಸೇರಬೇಕು. ತಂಗುವ ಹೋಂಸ್ಟೇಯಲ್ಲಿ ಪಂದಿ ಕರಿ ಇದೆಯೇ ಎಂದು ಕೇಳುವ ಬದಲು, ಈ ವಾರ ಸಂತೆಗೆ ಏನು ಬಂದಿದೆ ಎಂದು ವಿಚಾರಿಸಿ ಅದನ್ನೇ ಅಡುಗೆ ಮಾಡಿಸಿಕೊಂಡರೆ ಊಟವೂ ರುಚಿ, ಆಯ್ದು ತಂದ ಕೈಗಳಿಗೂ ನಾಲ್ಕು ಕಾಸು.